ಶವಪೆಟ್ಟಿಗೆಯ ಮೇಲಿನ ಕೋಳಿಮರಿ

ಇಲುಮಿನಾದಾ ತನ್ನ ಮಗನ ಶವಪೆಟ್ಟಿಗೆಯ ಮೇಲೆ ಕೋಳಿಮರಿ ಬಿಟ್ಟಿದ್ದಾಳೆ ಎಂಬ ಸುದ್ದಿ ಬಂದಾಗ ನಾನು ಒಲೆಯ ಮುಂದೆ ಕೂತು ಮೀನು ಸುಡುತ್ತಿದ್ದೆ. ಮೀನನ್ನು ಅಲ್ಲೇ ಬಿಟ್ಟು ಜಪಮಾಲೆ ತೆಗೆದುಕೊಂಡು ಹೊರಟೆ. ಸತ್ತವರ ಮನೆಯಲ್ಲಿ ಪ್ರಾರ್ಥನೆ ಹೇಳಿಸುವವಳು ನಾನು. ಈ ಹಳ್ಳಿಯ ಎಷ್ಟೋ ಜನರನ್ನು ಆ ಜಪಮಾಲೆಯ ಮಣಿ ಎಣಿಸುತ್ತಲೇ ಕಳಿಸಿಕೊಟ್ಟಿದ್ದೇನೆ. ಆದರೆ ನೀರಿನಲ್ಲಿ ಮುಳುಗಿ ಸತ್ತವನಿಗೆ ಕೋಳಿಮರಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ನಮ್ಮಲ್ಲಿ ಅದು ಕೊಲೆಯಾದವರಿಗೆ ಮಾತ್ರ. ಪೆಟ್ಟಿಗೆಯ ಮುಚ್ಚಳದ ಗಾಜಿನ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ ಮರಿಯನ್ನು ಬಿಡುತ್ತಾರೆ. ಅದು ಕಾಳು ಕುಟುಕುವಾಗಲೆಲ್ಲ ಕೊಂದವನ ಎದೆಯೊಳಗೆ ಕುಟುಕಿದಂತಾಗುತ್ತದೆ. ಅವನು ಎಲ್ಲೇ ಅಡಗಿರಲಿ, ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಕೊನೆಗೊಂದು ದಿನ ತಾನಾಗಿ ಬಂದು ಒಪ್ಪಿಕೊಳ್ಳುತ್ತಾನೆ. ನನ್ನ ಅಜ್ಜಿ ಇದನ್ನು ನಂಬಿದ್ದಳು. ನಾನೂ ನಂಬಿದ್ದೇನೆ.

ಅಂಗಳದಲ್ಲಿ ಮೇಯರ್ ಕಳಿಸಿದ ಶಾಮಿಯಾನ ಹಾಕಿದ್ದರು. ಅದರ ನಾಲ್ಕೂ ಮೂಲೆಗಳಲ್ಲಿ ಅವರದೇ ನಗುಮುಖ. ಪೆಟ್ಟಿಗೆಯೂ ಅವರೇ ಕೊಟ್ಟದ್ದು. ಸತ್ತ ಹುಡುಗ ಎಫ್ರೆನ್‌ಗೆ ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ನಿಂತವರು ಅವರೇ. ನಮ್ಮ ತಾಲೂಕಿನಲ್ಲಿ ಅವರು ಧರ್ಮತಂದೆಯಾಗದ ಮನೆಗಳೇ ಕಡಿಮೆ. ನದಿಯ ದಂಡೆಗೆ ಕಾಂಕ್ರೀಟ್ ಗೋಡೆ ಕಟ್ಟಿಸಿ, ರಿಬ್ಬನ್ ಕತ್ತರಿಸಿ, ಫಾದರ್ ಕೈಯಲ್ಲಿ ಪವಿತ್ರ ಜಲ ಹಾಕಿಸಿದವರೂ ಅವರೇ. ಮೊದಲ ದೊಡ್ಡ ಮಳೆಗೇ ಆ ಗೋಡೆ ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಬಿಚ್ಚಿಕೊಂಡಿತು. ಹೊಳೆ ಊರೊಳಗೆ ಬಂತು. ಪಕ್ಕದ ಮನೆಯ ಮುದುಕಿಯನ್ನು ಹೊತ್ತು ದಾಟಿಸಿದ ಎಫ್ರೆನ್, ಅವಳ ಹಂದಿಯನ್ನು ಬಿಚ್ಚಲು ತಿರುಗಿ ಹೋದವನು ಮತ್ತೆ ಬರಲಿಲ್ಲ. ನೀರಿಳಿದ ಮೇಲೆ ಮುರಿದ ಗೋಡೆಯೊಳಗೆ ಕಬ್ಬಿಣ ಇರಬೇಕಾದಲ್ಲಿ ಬಿದಿರು ಇದ್ದದ್ದನ್ನು ಎಲ್ಲರೂ ನೋಡಿದರು. ನೋಡಿ ಮನೆಗೆ ಹೋದರು.

ಶಾಮಿಯಾನದ ಕೆಳಗೆ ಗಂಡಸರು ಇಸ್ಪೀಟು ಆಡುತ್ತಿದ್ದರು.

"ಹೊಳೆಗೆ ಹೋದವನಿಗೆ ಕೋಳಿಮರಿ ಯಾಕಂತೆ? ಅದೇನು ಹೊಳೆಯ ಎದೆ ಕುಟುಕುತ್ತಾ?" ಎಂದ ದೋಮಿಂಗ್, ಎಲೆ ಎಸೆಯುತ್ತಾ.

ಕಾಫಿ ಕೊಡುತ್ತಿದ್ದ ಅವನ ಹೆಂಡತಿ ಸಾಲುದ್ ತಟ್ಟೆಯನ್ನು ಕುಕ್ಕಿದಳು. "ಹೊಳೆಗಾದ್ರೂ ಎದೆ ಅನ್ನೋದು ಇದ್ದೀತು. ನಿನಗಿರೋದು ಬರೀ ಹೊಟ್ಟೆ."

ಒಳಗೆ ಇಲುಮಿನಾದಾ ಪೆಟ್ಟಿಗೆಯ ಪಕ್ಕ ನೆಟ್ಟಗೆ ಕೂತಿದ್ದಳು. ಗಾಜಿನ ಕೆಳಗೆ ಮಗನ ಮುಖ, ಗಾಜಿನ ಮೇಲೆ ಹಳದಿ ಮರಿ. ಟಕ್, ಟಕ್.

"ಪಾಸಿಂಗಕ್ಕಾ, ನೀವು ದೇವರ ಹತ್ರ ಮಾತಾಡೋರು. ನೀವೇ ಹೇಳಿ," ಎಂದಳು. "ಯಾರೂ ಕೊಲ್ಲದೇನೇ ನನ್ನ ಮಗ ಸತ್ನಾ?"

ನಾನು ಅವಳ ತಲೆ ಸವರಿದೆ.

"ಇವತ್ತು ಮೇಯರ್ ಬರ್ತಾರೆ. ಇಲ್ಲೇ, ಈ ಕುರ್ಚೀಲೇ ಕೂರಿಸ್ತೀನಿ. ಮರಿ ಕುಟುಕುವಾಗ ಅವರ ಮುಖ ಒಂದ್ಸಲ ಕಪ್ಪಿಟ್ರೆ ಸಾಕು. ಊರು ಅದನ್ನ ಕಣ್ಣಾರೆ ನೋಡ್ಲಿ. ಮಣ್ಣು ಮಾಡಿದ ಮಾರನೇ ದಿನ ಪಟ್ಟಣದಲ್ಲಿ ಗೋಡೆ ಬಿದ್ದದ್ದರ ವಿಚಾರಣೆ ಇದೆ. ಒಬ್ಬಳೇ ಹೋದ್ರೆ ಹುಚ್ಚಿ ಅಂತಾರೆ. ಇವರೆಲ್ಲ ನನ್ನ ಜೊತೆ ಬರ್ಬೇಕು ಅಕ್ಕ. ಗೋಡೆ ಕೆಲಸಕ್ಕೆ ಹೋದೋರು ಇವರೇ ಅಲ್ವಾ?"

ಅವಳ ಗಂಡ ದೆಲ್ಫಿನ್ ಬಾಗಿಲ ಬಳಿ ನಿಂತಿದ್ದ. ಅವನು ನಮ್ಮ ಕಡೆ ನೋಡಲಿಲ್ಲ.

ಮಧ್ಯಾಹ್ನ ಮೇಯರ್ ಬಂದರು. ಇಸ್ಪೀಟು ನಿಂತಿತು. ಅವರು ಶಿಲುಬೆಯ ಗುರುತು ಹಾಕಿಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ, ಗಾಜಿನ ಮೇಲೆ ಕಣ್ಣೀರು ಬೀಳದಂತೆ ಕರವಸ್ತ್ರ ಹಿಡಿದು ಅತ್ತರು. ನಾಟಕವಲ್ಲ, ನಿಜವಾಗಿಯೇ ಅತ್ತರು. ಅಳುವವರನ್ನು ನೋಡುತ್ತಲೇ ಮುದುಕಿಯಾದವಳು ನಾನು. ನಿಜದ ಅಳು ಯಾವುದೆಂದು ನನಗೆ ಗೊತ್ತು.

"ಅಯ್ಯೋ ಮಗನೇ, ಇದೇ ಕೈಯಲ್ಲಿ ಎತ್ಕೊಂಡಿದ್ನಲ್ಲೋ ನಿನ್ನ."

ಆಮೇಲೆ ಅವರು ಮರಿಯನ್ನು ಕಂಡರು. ಅಂಗಳದವರೆಲ್ಲ ಕಿಟಕಿಗೆ ಮುತ್ತಿಕೊಂಡಿದ್ದರು. ಮರಿ ಕುಟುಕಿತು. ಇಲುಮಿನಾದಾ ಎವೆಯಿಕ್ಕದೆ ಅವರ ಮುಖವನ್ನೇ ನೋಡುತ್ತಿದ್ದಳು.

"ಮಾರೆ, ಇದನ್ನ ಇಟ್ಟದ್ದು ನೀನಾ?" ಎಂದು ಕೇಳಿದರು. ಧರ್ಮಪುತ್ರನ ತಾಯಿಯನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು, ತಂದೆಯನ್ನು ಪಾರೆ ಎಂದು.

"ಹೌದು, ನಾನೇ."

"ಒಳ್ಳೇದು ಮಾಡ್ದೆ. ಇಂಥ ಕೆಲಸ ಮಾಡಿದೋರಿಗೆ ನಿದ್ದೆ ಹತ್ತಬಾರದು. ಆ ಗುತ್ತಿಗೆದಾರನ್ನ ನಾನು ಸುಮ್ಮನೆ ಬಿಡಲ್ಲ, ನೋಡ್ತಾ ಇರು." ಹೀಗೆನ್ನುತ್ತಾ ನಾಲ್ಕು ಕಾಳು ಹೆಕ್ಕಿ ಅಂಗೈ ಚಾಚಿದರು. ಮರಿ ಒಂದು ಕ್ಷಣ ಕತ್ತು ಓರೆ ಮಾಡಿ ನೋಡಿತು. ಆಮೇಲೆ ಹಾರಿ ಅವರ ಅಂಗೈ ಮೇಲೆ ಕೂತು ತಿನ್ನತೊಡಗಿತು.

"ಪಾಪ, ಹಸಿದಿದೆ ಕಣ್ರಪ್ಪಾ," ಎಂದರು ಮೇಯರ್.

"ಮೇಯರ್‌ಗೆ ಅದರದ್ದೂ ಒಂದು ಓಟು ಗ್ಯಾರಂಟಿ!" ಎಂದ ಕಿಟಕಿಯಲ್ಲಿದ್ದ ದೋಮಿಂಗ್.

ಯಾರೋ ಕಿಸಕ್ಕೆಂದರು. ನಗು ಕಿಟಕಿಯಿಂದ ಅಂಗಳಕ್ಕೆ ಹರಿಯಿತು. ಬಿಗಿಹಿಡಿದ ಉಸಿರನ್ನು ಬಿಡಲು ಒಂದು ನೆಪ ಸಿಕ್ಕಿದವರಂತೆ ಎಲ್ಲರೂ ನಕ್ಕರು. ಮೇಯರ್ ಮರಿಯನ್ನು ಮೆಲ್ಲಗೆ ಮತ್ತೆ ಗಾಜಿನ ಮೇಲಿಟ್ಟು, ದೆಲ್ಫಿನ್‌ನನ್ನು ಬಾಚಿ ತಬ್ಬಿಕೊಂಡರು. "ಧೈರ್ಯವಾಗಿರು ಪಾರೆ. ಏನು ಬೇಕಾದ್ರೂ ನನ್ನ ಕೇಳು." ಒಂದು ಬಿಸ್ಕತ್ತು ತಿಂದು ಹೊರಟರು. ಸಾವಿನ ಮನೆಯಲ್ಲಿ ಯಾರನ್ನೂ ಬಾಗಿಲತನಕ ಕಳಿಸಿಕೊಡುವಂತಿಲ್ಲ. ಅವರು ಒಬ್ಬರೇ ನಡೆದು ಹೋದರು. ಅವರ ಹೆಜ್ಜೆ ಹಗುರವಾಗಿಯೇ ಇತ್ತು.

ಹಿತ್ತಲಿನಿಂದ ಯಾರೋ ಓಕರಿಸುವ ಸದ್ದು ಕೇಳಿತು. ನಾನೂ ಇಲುಮಿನಾದಾಳೂ ಹೋಗಿ ನೋಡಿದರೆ ನೀರಿನ ಡ್ರಮ್ ಹಿಡಿದುಕೊಂಡು ದೆಲ್ಫಿನ್ ಬಗ್ಗಿ ನಿಂತಿದ್ದ. ಅವನ ಒಂದು ಕೈ ಎದೆಯ ಮೇಲಿತ್ತು.

"ತೆಗಿ ಅದನ್ನ," ಎಂದ ಹೆಂಡತಿಗೆ. "ಲೂಮಿಂಗ್, ನಿನ್ನ ಕಾಲಿಗೆ ಬೀಳ್ತೀನಿ. ತೆಗಿ."

"ಯಾಕೆ ತೆಗೀಬೇಕು?"

"ಟಕ್ ಅಂದಾಗೆಲ್ಲ ಇಲ್ಲಿ ಆಗುತ್ತೆ ಕಣೇ. ಬೆಳಗ್ಗೆಯಿಂದ ಒಂದು ಗುಟುಕು ನೀರೂ ಇಳೀತಿಲ್ಲ." ಅವನು ಬಾಯಿ ಒರೆಸಿಕೊಂಡ. "ಗೋಡೆ ಒಡೆದ ಜಾಗ ಇದೆಯಲ್ಲ, ಅಲ್ಲಿ ಬಿದಿರು ಕಟ್ಟಿದ್ದು ನಾನು. ನಾನು, ದೋಮಿಂಗ್, ಆಮೇಲೆ ಹೊರಗೆ ಕೂತಿರೋ ಇನ್ನಿಬ್ರು. ಕಬ್ಬಿಣ ಎಲ್ಲಿ ಅಂತ ಮೇಸ್ತ್ರಿನ ಕೇಳ್ದೆ. ಪ್ರಶ್ನೆ ಕೇಳೋರಿಗೆ ನಾಳೆಯಿಂದ ಕೆಲಸ ಇಲ್ಲ ಅಂದ. ಎಫ್ರೆನ್ ಕಾಲೇಜು ಸೇರಿದ ವರ್ಷ ಅದು."

ಅವಳು ತೀರಾ ಮೆಲ್ಲಗೆ, "ಹಾಗಾದ್ರೆ ವಿಚಾರಣೆಗೆ ಬಾ. ಇದನ್ನೇ ಹೇಳು," ಎಂದಳು.

"ಬರ್ತೀನಿ. ನೀನು ಕರೆದ್ರೆ ಬರ್ತೀನಿ. ಆದ್ರೆ ಬಿದಿರು ಕಟ್ಟಿದ್ದು ಯಾರು ಅಂತ ಅವರು ಕೇಳ್ತಾರೆ. ನಾನು ಅಂತೀನಿ. ಕಟ್ಟಿಸಿದ್ದು ಯಾರು ಅಂತಾರೆ. ಮೇಸ್ತ್ರಿ ಅಂತೀನಿ. ಅವನು ಊರು ಬಿಟ್ಟು ಯಾವ ಕಾಲ ಆಯ್ತು. ಅವನಿಗಿಂತ ಮೇಲಿನೋರು ಯಾರೂ ಬಾಯಿಬಿಟ್ಟು ನನಗೆ ಹೇಳಿಲ್ವಲ್ಲ. ಕೊನೆಗೆ ಒಳಗೆ ಹೋಗೋರು ನಾವು ನಾಲ್ಕು ಜನಾನೇ. ಆಗ ನಿನಗೆ ನೆಮ್ಮದಿ ಆಗುತ್ತಾ?"

ಅಜ್ಜಿಯ ನಂಬಿಕೆ ಸುಳ್ಳಲ್ಲ ಎಂದು ನನಗೆ ಆಗ ತಿಳಿಯಿತು. ಮರಿ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಕುಟುಕಲು ಎದೆ ಎಲ್ಲಿ ಉಳಿದಿತ್ತೋ ಅಲ್ಲಿಗೇ ಅದು ಹೋಗಿ ತಲುಪಿತ್ತು. ಉಳಿದವರಿಗೆ ತಾವು ಕೊಂದೆವೆಂಬುದೇ ಗೊತ್ತಿಲ್ಲ. ಗೊತ್ತಿಲ್ಲದವನು ಏನನ್ನು ಒಪ್ಪಿಕೊಂಡಾನು? ಪ್ರಭುವೇ, ಈ ನ್ಯಾಯ ನಿನ್ನದೋ ನಮ್ಮದೋ ಎಂದು ಮನಸ್ಸಿನಲ್ಲೇ ಕೇಳಿದೆ. ಡ್ರಮ್ಮಿಗೆ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೆ.

ಇಲುಮಿನಾದಾ ಗಂಡನ ಬೆನ್ನನ್ನು ನೋಡಿದಳು. ಅವನನ್ನು ಮುಟ್ಟಲೆಂದು ಎತ್ತಿದ ಕೈಯನ್ನು ಮುಟ್ಟದೆ ಇಳಿಸಿದಳು. ಒಳಗೆ ಹೋಗಿ ಮರಿಯನ್ನು ಎದೆಗವಚಿ ಹಿಡಿದುಕೊಂಡಳು. ಗಾಜಿನ ಮೇಲಿನ ಅಕ್ಕಿಯನ್ನು ಒಂದೂ ಬೀಳದಂತೆ ಬಳಿದು ತೆಗೆದಳು. ಅಂಗಳದಲ್ಲಿ ಮತ್ತೆ ಇಸ್ಪೀಟಿನ ಸದ್ದು ಎದ್ದಿತು.

"ಜಪ ಶುರು ಮಾಡಿ ಅಕ್ಕ," ಎಂದಳು.

ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ ಎಂಬಲ್ಲಿಗೆ ಬಂದಾಗಲೆಲ್ಲ ಉಳಿದ ಸ್ವರಗಳು ತಗ್ಗಿ ದೆಲ್ಫಿನ್‌ನ ಸ್ವರವೊಂದೇ ಕೇಳುತ್ತಿತ್ತು.

ಎಫ್ರೆನ್‌ನನ್ನು ಮಣ್ಣು ಮಾಡಿದೆವು. ವಿಚಾರಣೆಗೆ ಯಾರೂ ಹೋಗಲಿಲ್ಲ, ಅವಳೂ ಹೋಗಲಿಲ್ಲ. ಸಾಕ್ಷಿಗಳು ಬರಲಿಲ್ಲವೆಂದು ಅದು ಅಲ್ಲಿಗೇ ಮುಗಿಯಿತು. ಬೇಸಿಗೆಯಲ್ಲಿ ಅದೇ ದಂಡೆಗೆ ಹೊಸ ಗೋಡೆ ಕಟ್ಟುವ ಕೆಲಸ ಬಂತು. ಗುತ್ತಿಗೆ ಬೇರೆಯವರದಂತೆ. ಮೇಯರ್ ದುಃಖದ ಮನೆಯನ್ನು ಮರೆಯಲಿಲ್ಲ, ಮೊದಲು ಹೇಳಿಕಳಿಸಿದ್ದು ದೆಲ್ಫಿನ್‌ಗೇ.

ಇಲುಮಿನಾದಾ ಬಾಳೆಲೆಯಲ್ಲಿ ಅನ್ನ, ಒಣಮೀನು ಕಟ್ಟಿಕೊಟ್ಟಳು. ಅವನು ಹೋದ. ಸಂಜೆ ಸಿಮೆಂಟು ಮೆತ್ತಿದ ಕೈಯಲ್ಲಿ ಬಂದು ಹೊಸ್ತಿಲ ಮೇಲೆ ಕೂತ. ಗೋಡೆಯೊಳಗೆ ಏನು ಕಟ್ಟಿ ಬಂದೆ ಎಂದು ಅವಳು ಕೇಳಲಿಲ್ಲ. ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಹೊಯ್ದಳು.