ಮುತ್ತಿಗೆಯ ಆಟ

ಇತಿಹಾಸದ ಮೇಡಂ ಒಂಬತ್ತನೇ ತರಗತಿಗೆ ಕೊಟ್ಟ ಕೆಲಸ ಕೇಳುವುದಕ್ಕೆ ಸಲೀಸಾಗಿತ್ತು. ಮೂರು ಮೂರು ಜನ ಸೇರಿಕೊಂಡು ಚರಿತ್ರೆಯ ಒಂದು ಕಾಲವನ್ನು ಆರಿಸಬೇಕು, ಅದರ ಮೇಲೆ ದಾಳ, ಕಾಯಿ, ಚೀಟಿಗಳಿರುವ ಒಂದು ಬೋರ್ಡ್ ಆಟ ಮಾಡಿ ತರಬೇಕು. ಉಳಿದವರೆಲ್ಲ ರಾಜರು, ಹಡಗುಗಳು, ಕೋಟೆಗಳು ಎಂದು ಕಿತ್ತಾಡುತ್ತಿದ್ದಾಗ ಮೂಲೆಯ ಬೆಂಚಿನಿಂದ ಗುಬ್ಬಿ ಕೈಯೆತ್ತಿದಳು. ಹುಡುಗಿ ಇದ್ದದ್ದೇ ಹಿಡಿಯಷ್ಟು. ಆ ಹೆಸರು ಒಂದನೇ ತರಗತಿಯಲ್ಲೇ ಅಂಟಿಕೊಂಡಿತ್ತು.

"ನಾವು ನಮ್ಮೂರಿನ ಮುತ್ತಿಗೆ ವರ್ಷ ತಗೋತೀವಿ ಮೇಡಂ. ನಮ್ಮಜ್ಜಿ ಅದನ್ನ ಕಣ್ಣಾರೆ ಕಂಡಿದಾಳೆ."

ಐವತ್ತು ವರ್ಷಗಳ ಹಿಂದೆ ಪರರ ಸೈನ್ಯ ಊರನ್ನು ಹಿಡಿದು, ಎರಡೂ ಸೇತುವೆ ಮುಚ್ಚಿ, ಹನ್ನೊಂದು ತಿಂಗಳು ಯಾರನ್ನೂ ಹೊರಗೆ ಬಿಡದೆ, ಏನನ್ನೂ ಒಳಗೆ ಬಿಡದೆ ಕೂಡಿಹಾಕಿತ್ತು. ಆಗ ಉಳಿದವರು ಉಳಿದರು, ಹೋದವರು ಹೋದರು. ಊರಿನ ಹಿರಿಯರು ಆ ಮಾತು ಬಂದರೆ ಕೆಮ್ಮಿ ಬೇರೆ ಮಾತು ತೆಗೆಯುತ್ತಿದ್ದರು.

ಗುಬ್ಬಿಯ ಜೊತೆ ಇನ್ನಿಬ್ಬರು. ಒಬ್ಬ ಅವಳದೇ ಕಟ್ಟಡದ ಪಕ್ಕದ ಮನೆಯ ದರ್ಜಿ ತಾತನ ಮೊಮ್ಮಗ. ಕಡ್ಡಿಯಂತಿದ್ದ, ಸಾಲದ್ದಕ್ಕೆ ದರ್ಜಿಯ ಮನೆ, ಎಲ್ಲರೂ ಸೂಜಿ ಎನ್ನುತ್ತಿದ್ದರು. ಇನ್ನೊಬ್ಬ ಎಲ್ಲದಕ್ಕೂ ನಿಯಮ ಹುಡುಕುವವನು, ಅದಕ್ಕೇ ಅವನಿಗೆ ವಕೀಲ ಎಂಬ ಹೆಸರು. ಬಟ್ಟೆಯ ಥಾನು ಸುತ್ತಿ ಬಂದ ರಟ್ಟನ್ನು ದರ್ಜಿ ತಾತನೇ ಕೊಟ್ಟ. ಕಾಯಿಗಳಿಗೆಂದು ಡಬ್ಬಿಯಿಂದ ಬಣ್ಣಬಣ್ಣದ ಗುಂಡಿಗಳನ್ನೂ ಆರಿಸಿಕೊಟ್ಟು, "ಒಂದು ಕಳೆದ್ರೂ ನಿಮ್ಮ ಅಂಗಿದೇ ಕಿತ್ಕೋತೀನಿ ನೋಡಿ" ಎಂದು ಹೆದರಿಸಿದ.

ಆಟ ಹೀಗಿತ್ತು: ಒಬ್ಬೊಬ್ಬರದು ಒಂದೊಂದು ಮನೆ. ಪ್ರತಿ ಸರದಿಗೂ ಮನೆಯ ಹಿಟ್ಟು, ನೀರು, ಸೌದೆ ಕರಗುತ್ತದೆ. ಹಿಟ್ಟು ಮುಗಿದರೆ ಮನೆಯಲ್ಲಿ ಒಬ್ಬರು ಕಮ್ಮಿ. ಹನ್ನೊಂದು ತಿಂಗಳ ಕೊನೆಗೆ ಯಾರ ಮನೆಯಲ್ಲಿ ಜೀವ ಉಳಿದಿದೆಯೋ ಅವರು ಗೆದ್ದರು. ಲೈಬ್ರರಿಯ ಪುಸ್ತಕವೊಂದನ್ನು ನೋಡಿ ವಕೀಲ ಒಂದು ಚೀಟಿ ಸೇರಿಸಿದ: "ನೆರೆಮನೆಯವರ ಬಗ್ಗೆ ಸೈನಿಕರಿಗೆ ಸುಳಿವು ಕೊಡಿ. ಎರಡು ಮೂಟೆ ಹಿಟ್ಟು ಪಡೆಯಿರಿ."

ಅಲ್ಲಿಗೆ ಆಟ ಕೆಟ್ಟಿತು. ಆ ಚೀಟಿ ಆಡಿದವನು ಗೆಲ್ಲದೆ ಇರುತ್ತಿರಲಿಲ್ಲ.

"ಇದೂ ಒಂದು ಆಟಾನಾ?" ಸೂಜಿ ಗುಂಡಿಗಳನ್ನು ಕೆದರಿದ. "ಹೇಳಿಕೊಟ್ಟೋನು ಬದುಕ್ತಾನೆ, ಸುಮ್ನಿದ್ದೋನು ಸಾಯ್ತಾನೆ."

"ಎರಡು ಮೂಟೆ ಜಾಸ್ತಿಯಾಯ್ತೇನೋ," ಎಂದ ವಕೀಲ. "ಅಳತೆ ಸರಿಮಾಡ್ಬೇಕು."

"ಅಜ್ಜೀನೇ ಕೇಳೋಣ ಬಿಡು," ಎಂದಳು ಗುಬ್ಬಿ.

ಶನಿವಾರ ಮಧ್ಯಾಹ್ನ ವಕೀಲನಿಗೆ ಜ್ವರ. ಗುಬ್ಬಿ, ಸೂಜಿ ಇಬ್ಬರೇ ಅಡುಗೆಮನೆಯ ಮೇಜಿನ ಮೇಲೆ ರಟ್ಟು ಹಾಸಿದರು. ಅಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು. ಬಟಾಣಿ ಸುಲಿಯುತ್ತಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, "ನಂಗೂ ಒಂದು ಗುಂಡಿ ಕೊಡು" ಎಂದಳು. ಗುಬ್ಬಿಗೆ ಹಿಗ್ಗೋ ಹಿಗ್ಗು.

ಅಜ್ಜಿ ಚೆನ್ನಾಗಿ ಆಡಿದಳು. ನೀರನ್ನು ಉಳಿಸಿದಳು, ಸೌದೆಗೆ ಬದಲು ಕುರ್ಚಿ ಸುಡಬಹುದಾ ಎಂದು ಕೇಳಿದಳು. ನಾಲ್ಕನೇ ಸುತ್ತಿನಲ್ಲಿ ಆ ಚೀಟಿ ಅವಳ ಕೈಗೆ ಬಂತು. ದೂರ ಹಿಡಿದು, ತುಟಿ ಅಲುಗಿಸುತ್ತ ಓದಿದಳು.

"ಎರಡು ಮೂಟೆ ಅಂತ ಯಾರು ಹೇಳಿದ್ರು ನಿಮಗೆ?"

"ಪುಸ್ತಕದಲ್ಲಿತ್ತಂತೆ."

"ಒಂದೇ ಮೂಟೆ. ಅದೂ ಪೂರ್ತಿ ತುಂಬಿರ್ತಿರ್ಲಿಲ್ಲ."

ಗುಬ್ಬಿ ಪೆನ್ಸಿಲ್ ಎತ್ತಿಕೊಂಡಳು. ಇಂಥದ್ದೇ ಬೇಕಿತ್ತು ಅವಳಿಗೆ. "ನಿಂಗೆ ಹೇಗ್ ಗೊತ್ತಜ್ಜಿ?"

"ನಾನೇ ಹೊತ್ಕೊಂಡು ಬಂದಿದ್ದೆ." ಅಜ್ಜಿಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿಮ್ಮಪ್ಪನಿಗೆ ಏಳು ತಿಂಗಳು. ನನ್ನೆದೆ ಬತ್ತಿಹೋಗಿತ್ತು. ಮಗು ಅತ್ರೆ ತಡ್ಕೋಬಹುದು ಕಣೇ, ಅದು ಅಳೋದನ್ನೇ ಬಿಟ್ಟಿತ್ತು. ಗೋಡೆ ಆಚೆಯಿಂದ ರೇಡಿಯೋ ಸಣ್ಣಗೆ ಕೇಳೋದು. ರೇಡಿಯೋ ಇಟ್ಕೊಂಡೋರ ಮನೆ ತೋರಿಸಿದ್ರೆ ಹಿಟ್ಟು ಅಂತ ಸಾರಿದ್ರು. ನಿಮ್ಮಜ್ಜನಿಗೂ ಹೇಳ್ಲಿಲ್ಲ. ಹೋದೆ."

ಗುಬ್ಬಿಯ ಪೆನ್ಸಿಲ್ ನಿಂತಿತು. ದರ್ಜಿ ತಾತನ ಅಪ್ಪನನ್ನು ರೇಡಿಯೋ ಕಾರಣಕ್ಕೆ ಹಿಡಿದೊಯ್ದರು, ಆಮೇಲೆ ಆತ ಹಿಂತಿರುಗಲಿಲ್ಲ ಎಂಬುದು ಆ ಕಟ್ಟಡದ ಮಕ್ಕಳಿಗೂ ಗೊತ್ತಿತ್ತು. ಹೇಳಿಕೊಟ್ಟವರು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಯಾವ ಗೋಡೆ ಅಜ್ಜಿ?" ಎಂದ ಸೂಜಿ.

ಆ ಮನೆಗೆ ಅಂಟಿಕೊಂಡಿದ್ದದ್ದು ಒಂದೇ ಮನೆ, ಸೂಜಿಯದು. ಇನ್ನೊಂದು ಕಡೆಯ ಗೋಡೆ ಬೀದಿಗೆ. ಅಜ್ಜಿ ತಲೆಯೆತ್ತಿದಳು, ಹುಡುಗ ಅಲ್ಲಿ ಕೂತಿದ್ದನೆಂಬುದೇ ಆಗ ಅರಿವಿಗೆ ಬಂದಂತಿತ್ತು. ಸೂಜಿ ಚಪ್ಪಲಿ ಹಾಕಿಕೊಳ್ಳದೆ ಎದ್ದು ಹೋದ.

ಮರುದಿನ ಬೆಳಿಗ್ಗೆ ದರ್ಜಿ ತಾತ ಬಂದ. ಅಜ್ಜಿಯ ಹಳೇ ಕೋಟಿಗೆ ಹೊಸ ಒಳಪದರ ಹೊಲಿದುಕೊಡುವೆನೆಂದು ಮೊದಲೇ ಒಯ್ದಿದ್ದ. ಒಂದು ತೋಳು ಹೊಲಿದು, ಇನ್ನೊಂದನ್ನು ಹಾಗೇ ಬಿಟ್ಟು ತಂದಿದ್ದ. ಅಪ್ಪ "ಬನ್ನಿ" ಎಂದ. ಆತ ಹೊಸ್ತಿಲು ದಾಟಲಿಲ್ಲ.

"ಅಕ್ಕಾ, ಒಂದೇ ಮಾತು ಕೇಳ್ತೀನಿ. ಅಪ್ಪನ್ನ ಕರ್ಕೊಂಡು ಹೋದ್ಮೇಲೆ ನೀನು ನಮ್ಮಮ್ಮನಿಗೆ ರೊಟ್ಟಿ ತಂದುಕೊಟ್ಟೆ. ಅದು ಆ ಹಿಟ್ಟಿಂದೇನಾ?"

ಅಜ್ಜಿ ಹೌದೆಂದು ತಲೆಯಾಡಿಸಿದಳು.

"ನಂಗೆ ಹತ್ತು ವರ್ಷ. ಗಬಗಬ ತಿಂದೆ. ಇನ್ನೂ ಬೇಕು ಅಂತ ಅತ್ತೆ." ಆತ ಕೋಟನ್ನು ಅಪ್ಪನ ಕೈಗಿಟ್ಟು ಅಜ್ಜಿಯ ಮುಖ ನೋಡಿದ. ಅವಳೇನಾದರೂ ಹೇಳಬಹುದು ಎಂದು ಕಾದಂತಿತ್ತು. ಆಮೇಲೆ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ. ದಢಾರೆಂದು ಹಾಕಿದ್ದರೇ ಚೆನ್ನಾಗಿತ್ತು ಎನಿಸಿತು ಗುಬ್ಬಿಗೆ.

ಅಪ್ಪನಿಗೆ ಸಂಗತಿ ತಿಳಿದದ್ದು ಆಗಲೇ. ತಾನು ಯಾವ ಹಿಟ್ಟಿನಲ್ಲಿ ಬದುಕಿದೆನೆಂದು ತಿಳಿದ ಮೇಲೆ ಆತ ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದ. ಅಮ್ಮ ಸಿಟ್ಟೆಲ್ಲ ಗುಬ್ಬಿಯ ಮೇಲೆ ತೀರಿಸಿದಳು: "ಸುಮ್ನಿರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತಲ್ಲೇ! ರಾಜ ರಾಣಿ ಸಿಗ್ಲಿಲ್ವಾ ನಿನಗೆ?"

ಗುಬ್ಬಿ ಮೇಡಂ ಹತ್ತಿರ ಹೋಗಿ ನಮ್ಮ ಆಟ ಬೇಡ ಎಂದಳು. ಯಾಕೆಂದು ಹೇಳಲಿಲ್ಲ. ಪ್ರದರ್ಶನದ ಪಟ್ಟಿ ಅಚ್ಚಾಗಿಹೋಗಿತ್ತು.

"ಇಷ್ಟು ಚೆನ್ನಾಗಿ ಮಾಡಿದೀರಲ್ಲಮ್ಮ. ಆ ಸುಳಿವಿನ ಚೀಟಿ ಒಂದು ತೆಗೆದುಬಿಡಿ ಅಂದಿದಾರೆ ಹೆಡ್ ಮಾಸ್ಟರು. ಪೋಷಕರು ಬರ್ತಾರೆ, ನೋಡಿದೋರಿಗೆ ಖುಷಿಯಾಗ್ಬೇಕು."

ವಕೀಲ ಅದೇ ಅಳತೆಯ ಹೊಸ ಚೀಟಿ ಬರೆದ: "ನೆರೆಮನೆಯವರು ಸಹಾಯ ಮಾಡಿದರು. ಎರಡು ಮೂಟೆ ಹಿಟ್ಟು." ಅವನಿಗೆ ಏನೂ ಗೊತ್ತಿರಲಿಲ್ಲ. ಪ್ರದರ್ಶನದ ದಿನ ಚಿಕ್ಕ ತರಗತಿಯ ಮಕ್ಕಳು ಮೇಜಿಗೆ ಮುಗಿಬಿದ್ದರು, "ನಮ್ಮನೇಲಿ ಯಾರೂ ಸತ್ತಿಲ್ಲ!" ಎಂದು ಕುಣಿದರು. ಎರಡನೇ ಬಹುಮಾನ ಬಂತು. ಸೂಜಿ ಅಂದು ಬಂದಿರಲಿಲ್ಲ. ಅಷ್ಟರಲ್ಲಿ ಬೇರೆ ಸೆಕ್ಷನ್ನಿಗೆ ಹಾಕಿಸಿಕೊಂಡಿದ್ದ.

ಆ ಸಂಜೆ ಗುಬ್ಬಿ ಅಜ್ಜಿಯ ಮಂಚದ ಅಂಚಿನಲ್ಲಿ ಕೂತಳು. ತೋಳು ಹೊಲಿಯದ ಕೋಟು ಕುರ್ಚಿಯ ಮೇಲೆ ಹಾಗೇ ಬಿದ್ದಿತ್ತು.

"ಯಾಕಜ್ಜಿ ಹೇಳ್ದೆ?"

"ಇಷ್ಟು ವರ್ಷದಲ್ಲಿ ಯಾರೂ ಕೇಳ್ಲಿಲ್ಲ. ನೀನು ಕೇಳ್ದೆ."

ನಾನು ಆಟಕ್ಕೆಂದು ಕೇಳಿದ್ದು ಎನ್ನಬೇಕೆಂದಿತ್ತು ಗುಬ್ಬಿಗೆ. ಬಾಯಿಗೆ ಬಂದದ್ದು ಬೇರೆಯೇ ಮಾತು.

"ಕ್ಷಮಿಸು ಅಂತ ಕೇಳಬಹುದಿತ್ತಲ್ಲಾ ಅವರನ್ನ."

"ಹೇಗೆ ಕೇಳ್ಲಿ?" ಅಜ್ಜಿ ಗೋಡೆಯ ಕಡೆ ಹೊರಳಿದಳು. "ಮಗು ಹಾಗೆ ಮಲಗಿದ್ರೆ ಇವತ್ತೂ ಹೋಗ್ತೀನಿ. ಅದನ್ನ ಮನಸ್ಸಲ್ಲಿಟ್ಕೊಂಡು ಯಾವ ಬಾಯಲ್ಲಿ ಕೇಳ್ಲಿ?"

ತಿಂಗಳು ತುಂಬುವುದರೊಳಗೆ ದರ್ಜಿ ತಾತನ ಮನೆಯವರು ಊರಿನ ಆ ತುದಿಗೆ ಬಾಡಿಗೆ ಮನೆ ಹಿಡಿದರು. ಸಾಮಾನು ಇಳಿಸುವ ದಿನ ಗುಬ್ಬಿ ಮೆಟ್ಟಿಲಿನ ತಿರುವಿನಲ್ಲಿ ನಿಂತಿದ್ದಳು. ಹೊಲಿಗೆ ಯಂತ್ರದ ತಲೆಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಅಪ್ಪಿಕೊಂಡು ಸೂಜಿ ಇಳಿದುಬಂದ. ಭಾರಕ್ಕೆ ಕುತ್ತಿಗೆಯ ನರ ಉಬ್ಬಿತ್ತು. ಗುಬ್ಬಿ ಓಡಿಹೋಗಿ ಬೀದಿಬಾಗಿಲನ್ನು ತೆರೆದು ಹಿಡಿದಳು.

ಅವನು ಬರಲಿಲ್ಲ. ಕೊನೆಯ ಮೆಟ್ಟಿಲ ಮೇಲೆ, ತೋಳು ನಡುಗುತ್ತಿದ್ದರೂ, ನೆಲ ನೋಡುತ್ತ ನಿಂತೇ ಇದ್ದ. ಗುಬ್ಬಿಗೆ ಕೊನೆಗೆ ಅರ್ಥವಾಯಿತು. ಕೈಬಿಟ್ಟು ಪಕ್ಕಕ್ಕೆ ಸರಿದಳು. ಬಾಗಿಲು ಮುಚ್ಚಿಕೊಂಡಿತು. ಆಗ ಸೂಜಿ ಇಳಿದು ಬಂದು, ತನ್ನದೇ ಭುಜದಿಂದ ಅದನ್ನು ನೂಕಿಕೊಂಡು ಹೊರಗೆ ಹೋದ.