ಬಿರುಕಿನ ಚಂದ

ಹೊಸವರ್ಷದ ನವ್ರೂಝ್ ಹಬ್ಬ ಹತ್ತಿರ ಬಂತೆಂದರೆ ತಾಷ್ಕೆಂಟಿನ ಹಳೇ ಮೊಹಲ್ಲಾದವರೆಲ್ಲ ಒಟ್ಟಾಗಿ ಬೀದಿ ಗುಡಿಸಿ, ಒಬ್ಬರ ಗೋಡೆಗೆ ಇನ್ನೊಬ್ಬರು ಸುಣ್ಣ ಹೊಡೆಯುತ್ತಾರೆ. ಆ ವರ್ಷ ಅದನ್ನು ತಡೆದವನು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಫೋಟೋಗ್ರಾಫರ್ ಮುರೋದ್.

ಅವನ ಉದ್ದೇಶ ಒಳ್ಳೆಯದೇ ಇತ್ತು, ಕರ್ಮ ಅಂದರೆ ಅದೇ. ಪಕ್ಕದ ಬೀದಿಯನ್ನು ನೆಲಸಮ ಮಾಡಿ ಹದಿನಾರು ಅಂತಸ್ತಿನ ಗಾಜಿನ ಕಟ್ಟಡ ಎಬ್ಬಿಸಿದ್ದರು. ತಮ್ಮ ಬೀದಿಯ ಚಂದವನ್ನು ಊರಿಗೆಲ್ಲ ತೋರಿಸಿದರೆ ಇದನ್ನು ಯಾರೂ ಮುಟ್ಟಲಾರರು ಎಂದು ಅವನು ನಂಬಿದ್ದ.

ಬೀದಿಯವರೆಲ್ಲ ಖೋಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಮುದುಕಿ ಸನೋಬರ್ ಸುಣ್ಣ ಕಲಸುತ್ತಿದ್ದಳು.

"ಖೋಲಾ, ಒಂದು ತಿಂಗಳು ತಡೀರಿ. ಈ ಬಿರುಕು, ಈ ಉದುರಿದ ಗಾರೆ ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ?"

"ನನ್ನ ಮುಖದ ಸುಕ್ಕೂ ಚೆನ್ನಾಗಿ ಬರುತ್ತೇನೋ? ಮೊದಲೇ ಹೇಳಬಾರ್ದಿತ್ತಾ, ಇನ್ನೊಂದು ಮದುವೆ ಆಗ್ತಿದ್ದೆ!"

ನಗುತ್ತಲೇ ಅವಳು ಬಕೆಟ್ ಮೂಲೆಗೆ ಸರಿಸಿದಳು. ಅವಳನ್ನು ನೋಡಿ ಉಳಿದವರೂ ಕೈಬಿಟ್ಟರು. ಓದಿದವನು ಹೇಳುತ್ತಾನೆ, ಸರಿಯೇ ಇರಬೇಕು.

ಊರ ನಡುವಿನ ಸಭಾಂಗಣದಲ್ಲಿ ಅವನು ಇಟ್ಟ ಫೋಟೋ ಪ್ರದರ್ಶನಕ್ಕೆ ಜನ ಮುಗಿಬಿದ್ದರು. ಮೂರೇ ವಾರಕ್ಕೆ ಮೊಹಲ್ಲಾ ಕಚೇರಿಯಿಂದ ಕರೆ ಬಂತು. ಅಧಿಕಾರಿಯ ಮೇಜಿನ ಮೇಲೆ ಅವನವೇ ಫೋಟೋಗಳು, ಪಕ್ಕದಲ್ಲಿ ಆದೇಶ: ಮನೆಗಳು ಶಿಥಿಲ, ವಾಸಕ್ಕೆ ಯೋಗ್ಯವಲ್ಲ, ಕೆಡವತಕ್ಕದ್ದು.

ಮುರೋದ್ ಆದೇಶವನ್ನು ಪಕ್ಕಕ್ಕೆ ಸರಿಸಿದ. "ಸಾಹೇಬ್ರೇ, ಅದು ಬರೀ ಮೇಲಿನ ಗಾರೆ. ಒಳಗೆ ಗೋಡೆ ಕಲ್ಲಿನ ಹಾಗಿದೆ. ಊರನ್ನೇ ಕೆಡವಿದ ಅರವತ್ತಾರರ ಭೂಕಂಪಕ್ಕೇ ಜಗ್ಗಿಲ್ಲ!"

"ಫೋಟೋ ನೀವೇ ತೆಗೆದದ್ದು ತಾನೆ?"

"ಹೌದು."

"ಸುಳ್ಳು ಫೋಟೋನಾ?"

ಮುರೋದ್ ಫೋಟೋಗಳನ್ನು ಒಂದೊಂದಾಗಿ ತಿರುವಿ ನೋಡಿದ. ಒಂದೂ ಸುಳ್ಳಲ್ಲ. ಅಧಿಕಾರಿ ಸಹಿ ಹಾಕಿ, ಒಳ್ಳೆಯ ಕೆಲಸ ಮಾಡಿದ್ದೀರಿ ಎಂದು ಬೆನ್ನು ತಟ್ಟಿದ.

ಮುರೋದ್ ಓಡಿಹೋಗಿ ಪ್ರದರ್ಶನದ ಗೋಡೆಯಿಂದ ಚಿತ್ರಗಳನ್ನೆಲ್ಲ ಇಳಿಸಿದ. ಇಳಿಸಿ ಏನು ಬಂತು? ಅಷ್ಟರಲ್ಲಿ ಅವು ಊರಿನ ಫೋನುಗಳಿಗೆಲ್ಲ ಹೋಗಿಯಾಗಿತ್ತು.

ವಾರ ಕಳೆದು ಒಂದು ಸಂಜೆ ಸನೋಬರ್ ಖೋಲಾ ದ್ರಾಕ್ಷಿ ಚಪ್ಪರದ ಕೆಳಗೆ ಹಾಸಿಗೆ ಸುತ್ತಿ ಕಟ್ಟುತ್ತಿದ್ದಳು. ಊರಾಚೆ ಎಂಟನೇ ಮಹಡಿಯಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದರು. ಮುರೋದನನ್ನು ಕಂಡು ಎಂದಿನಂತೆ ರೊಟ್ಟಿ ಮುರಿದು ಮುಂದಿಟ್ಟಳು, ಹಸಿರು ಚಹಾ ಬಗ್ಗಿಸಿದಳು. ನಾಲ್ಕು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

"ಖೋಲಾ, ನಾನೇನು ಮಾಡಲಿ, ಹೇಳಿ."

"ಇನ್ನೇನು ಮಾಡ್ತೀಯಾ ಮಗಾ, ತಿನ್ನು." ಅವಳು ಹಗ್ಗದ ಗಂಟು ಬಿಗಿದಳು. "ಮನೆ ಬೀಳಿಸೋ ದಿನ ಮಾತ್ರ ಈ ಕಡೆ ಬರಬೇಡ. ನಿನ್ನ ಕಣ್ಣಿಗೆ ಅದೂ ಚಂದ ಕಾಣ್ಸುತ್ತೆ."