ಉಣ್ಣೋರ ರೂಢಿ

ಎಸರು ಕುದಿಯಾಕ ಹತ್ತೈತಿ, ಜ್ವಾಳದ ಹಿಟ್ಟಿನ ಮ್ಯಾಲ ಸುರಿದೆ, ಏಳೋ ಈ ವಾಸ್ನಿ—ಎಷ್ಟ್ ದಿನಾ ಆತು ಮೂಗಿಗೆ ಬಡದು, ಗಂಗಾವತಿ ಕಡೆ ದುಡಿಯಾಕ ಬಂದ ಮ್ಯಾಲ ಬರೇ ಅಕ್ಕಿ, ಕಾಲುವಿ ದಂಡಿಗೆಲ್ಲಾ ಭತ್ತ, ರೇಷನ್ ಚೀಲದಾಗೂ ಅಕ್ಕಿ, ನನಗ, ನನ್ನ ಗಂಡ ಯಮನೂರಪ್ಪಗ ಒಗ್ಗೇತಿ, ಗಂಡನ ಅವ್ವ, ನಮ್ಮತ್ತಿ, ಆಕಿಗೆ ಒಗ್ಗವಲ್ದು, ಯಲಬುರ್ಗಾದ ಎರಿಹೊಲದ ಜ್ವಾಳ ಉಂಡು ಬಾಳಿದಾಕಿ, ಬಿದ್ದು ಟೊಂಕ ಮುರಕೊಂಡ್ಲಂತ ಇಲ್ಲಿಗೆ ಕರ್ಕೊಂಡು ಬಂದ್ವಿ, ಅನ್ನದ ತುತ್ತು ಬಾಯಾಗ ಹೊಳ್ಳಾಡಿಸಿ ಉಗುಳ್ತಾಳ, ಹಟಾ ಮಾಡಬ್ಯಾಡ ಅತ್ತಿ ಅಂತ ನಿನ್ನಿ ಬೈದೆ, ಹಟಾ ಎಲ್ಲೀದವಾ ಹನುಮಂತಿ, ಗಂಟಲದಾಗ ಇಳಿಯಂಗಿಲ್ಲ ಅಂದ್ಲು—ಇವತ್ತು ಮುಂಜಾನೆ ಗ್ರಾಮಸಭಾದಾಗ ಕೊಪ್ಪಳದಿಂದ ಬಂದ ಸಹನಾ ಮೇಡಂ ಪುಸ್ತಕ ಹಿಡಕೊಂಡು ಓದಿದ್ರು, ಅನ್ನ ಎಲ್ಲಾರ ಹಕ್ಕು, ಭಾಳ ದೇಶ ಕೂಡಿ ಒಪ್ಪಿದ್ದು, ನಮ್ಮ ದೇಶಾನೂ ಒಪ್ಪೇತಿ, ಹೊಟ್ಟಿ ತುಂಬಿದ್ರ ಸಾಲದು, ಉಣ್ಣೋರ ರೂಢಿಗೂ ಒಗ್ಗಬೇಕು—ರೂಢಿಗೆ! ಯಾರು ಬರದ್ರು ಅದನ್ನ, ಯಾವ ಊರಾಗ ಕುಂತು, ಅವರ ಮನ್ಯಾಗೂ ತುತ್ತು ಉಗುಳೋ ಅತ್ತಿ ಇದ್ಲೇನು, ಏನು ಬೇಡಿದ್ದಾಳು ಆಕಿ—ನನಗ ತಿಳಿಯೂದ್ರಾಗ ಎದ್ದು ನಿಂತಿದ್ದೆ, ಹಂಗಾರ ನಮ್ಮತ್ತಿಗೆ ಜ್ವಾಳ ಹಕ್ಕೇನ್ರಿ ಮೇಡಂ, ರೇಷನ್ ಕೊಡೋ ಹನುಮಣ್ಣ ನಕ್ಕ, ಅಕ್ಕಿ ಕುದಿಸಿದ್ರ ಅದು ಅನ್ನ ಅಲ್ಲೇನವಾ, ಮೇಡಂ ನಗಲಿಲ್ಲ, ಆ ಸಾಲು ತಮ್ಮಷ್ಟಕ್ಕ ತಾವು ಮತ್ತೊಮ್ಮೆ ಓದಿದ್ರು, ಹೌದು ಅನಸ್ತೈತ್ರಿ, ಅರ್ಜಿ ಬರೀತೀನಿ, ಮುಂದ ಏನಾಕ್ಕೈತೋ ನನಗೂ ಗೊತ್ತಿಲ್ರಿ ಅಂದ್ರು, ಗೊತ್ತಿಲ್ಲ ಅನ್ನೋ ಮೇಡಂನ ಇದ ಮೊದಲ ಸಲ ನೋಡಿದ್ದು, ಸಹಿ ಮಾಡಿದೆ, ಹೊರಗ ಬಂದ್ರ ಬಾಜು ಮನಿ ಜೈನಾಬೀ ಕೈ ಹಿಡದು ಕರ್ಕೊಂಡು ಹೋಗಿ, ಕುಷ್ಟಗಿ ತವರಿಂದ ತಂದ ಹಿಟ್ಟು ಎರಡು ಬೊಗಸಿ ಸೆರಗಿಗೆ ಹಾಕಿದ್ಲು, ಅರ್ಜಿ ಮುಟ್ಟೂತನಾ ಮುದುಕಿ ಉಪಾಸ ಇರಬೇಕೇನ ಅಂದ್ಲು—ಹಿಟ್ಟು ನಾದಿ ಆತು, ರೊಟ್ಟಿ ಬಡಿಯಾಕ ಹತ್ತೀನಿ, ಪಟ ಪಟ, ತಿರುವು, ಪಟ ಪಟ, ತಿಂತಾಳೋ ಇಲ್ಲೋ, ಇದನ್ನೂ ಉಗುಳಿದ್ರ—ಕೈ ನಿಲ್ಲಿಸಿದೆ, ಸಪ್ಪಳ ನಿಲ್ಲವಲ್ದು, ಪಡಸಾಲಿಯಿಂದ ಬರಾಕ ಹತ್ತೈತಿ, ಹಣಿಕಿ ಹಾಕಿದ್ರ ಅತ್ತಿ, ಕಣ್ಣು ಮುಚ್ಚ್ಯಾಳ, ಬಲಗೈ ಹೊದ್ದ ಕೌದಿ ಮ್ಯಾಲ ಬಡಿಯಾಕ ಹತ್ತೈತಿ, ಇಲ್ಲದ ರೊಟ್ಟಿ ತಿರುವಾಕ ಹತ್ತೈತಿ—ಇಷ್ಟ್ ದಿನಾ ಹಸಿದದ್ದು ಹೊಟ್ಟಿನೋ ಈ ಕೈನೋ, ಕೈ ಬಗ್ಗೆ ಆ ಪುಸ್ತಕದಾಗ ಏನರ ಬರದಾರೇನು, ಕೇಳಬೇಕು ಮೇಡಂನ—ಹಿಟ್ಟಿನ ಉಂಡಿ ತಾಟಿನ್ಯಾಗಿಟ್ಟು ಆ ಕೈಯಡಿ ಸರಿಸಿದೆ, ಬೆರಳು ಒಂದ್ ಗಳಿಗಿ ನಿಂತ್ವು, ಮುಟ್ಟಿದ್ವು, ಅಗಲಾದ್ವು, ಒಳಗ ಹಂಚು ಕಾದು ಹೊಗಿ ಹಾಯಾಕ ಹತ್ತೈತಿ, ಏಳಬೇಕು, ಏಳವಲ್ಲೆ, ಆ ಕೈ, ಬಡಿತೈತಿ, ತಿರುವತೈತಿ, ಬಡಿತೈತಿ, ಆ ಕೈ